ಭಾವೀ ಮಾವನಿಗೊಂದು ಕೆಮ್ಮು

ರೇಡಿಯೋ ಉದ್ಘೋಷಕನೆಂದರೆ ದೊಡ್ಡ ಮನುಷ್ಯ ಎಂದು ನಂಬಿಕೊಂಡಿರುವವರು ಇನ್ನೂ ಅಲ್ಲಲ್ಲಿ ಬದುಕಿದ್ದಾರೆ. ಅಂಥವರಿಗೆ ನನ್ನ ನಮಸ್ಕಾರ, ಜತೆಗೆ ಸಂತಾಪ. ನನ್ನ ಜೀವನದ ಮೊದಲ ಸಂಬಳ ಬಂದದ್ದು ಆ ಕೆಲಸದಿಂದಲೇ ಆದ್ದರಿಂದ ಈ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗಿದೆ. ಊರಿಗೆಲ್ಲ ಗಂಟೆ ಎಷ್ಟೆಂದು ಹೇಳುವವನನ್ನು ಊರಿನಲ್ಲಿ ಒಬ್ಬನೂ ನೀನು ಯಾರಪ್ಪ ಎಂದು ಕೇಳುವುದಿಲ್ಲ.

ಆ ಕೆಲಸಕ್ಕೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಹಾಕಿದ್ದು ಗುಮಾಸ್ತನ ಕೆಲಸಕ್ಕೆ. ಬಾನುಲಿ ಕೇಂದ್ರದ ಪಡಸಾಲೆಯಲ್ಲಿ ಎರಡು ಸಾಲುಗಳಿದ್ದವು. ಒಂದು ಸಾಲಿಗೆ ಕೂರಲು ಬೆಂಚಿತ್ತು, ಇನ್ನೊಂದಕ್ಕೆ ಇರಲಿಲ್ಲ. ಬುದ್ಧಿವಂತನಾದ ನಾನು ಬೆಂಚಿನ ಸಾಲಿಗೆ ಹೋಗಿ ಕೂತೆ. ಅದು ಧ್ವನಿಪರೀಕ್ಷೆಯ ಸಾಲು. ಒಳಗೆ ಕರೆದು, ದಪ್ಪ ಬಾಗಿಲು ಮುಚ್ಚಿ, ಮೂತಿಯ ಮುಂದೆ ಮೈಕು ಹಿಡಿದು, ಹವಾಮಾನ ವರದಿ ಓದು ಎಂದರು. ಟೈಪು ಹೊಡೆಯುವವನಿಗೆ ಹವಾಮಾನ ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಓದಿದೆ. ಆ ವಾರ ನನಗೆ ಭಯಂಕರ ನೆಗಡಿ; ಗಂಟಲು ಕಟ್ಟಿ, ದನಿ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಗಾಜಿನಾಚೆ ಕೂತಿದ್ದ ನಿರ್ದೇಶಕರು ಕಣ್ಣು ಮುಚ್ಚಿ ತಲೆದೂಗಿದರು. "ಏನು ಗಾಂಭೀರ್ಯ ರೀ! ಪ್ರವಾಹದ ಸುದ್ದಿ ಹೇಳೋಕೆ ಅಂತ್ಲೇ ಮಾಡಿಸಿದ ಗಂಟಲು" ಎಂದು ಪಕ್ಕದವರಿಗೆ ಹೇಳಿದರಂತೆ. ಕೆಲಸ ಸಿಕ್ಕಿತು.

ನೆಗಡಿ ವಾಸಿಯಾಯಿತು, ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಇಲ್ಲದ ನೆಗಡಿಯ ದನಿಯನ್ನು ದಿನಾ ಬೆಳಗ್ಗೆ ತರಬೇಕಲ್ಲ! ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆ ಉಬ್ಬಿಸಿ, ಒಂದು ಕಾಲನ್ನು ಕುರ್ಚಿಯ ಅಡ್ಡಪಟ್ಟಿಗೆ ಸಿಕ್ಕಿಸಿಕೊಂಡರೆ ಅದು ಬರುತ್ತಿತ್ತು. ಎದ್ದು ನಿಂತರೆ ಮಾಯ. ನನ್ನ ನಿಜವಾದ ದನಿ, ನಮ್ಮ ಚಿಕ್ಕಪ್ಪನ ಮಾತಿನಲ್ಲೇ ಹೇಳುವುದಾದರೆ, ಸಂತೆಯಲ್ಲಿ ತಾಯಿಯನ್ನು ಕಳೆದುಕೊಂಡ ಕೂಸಿನದು.

ಮೊದಲ ದಿನವೇ ನಿರ್ದೇಶಕರು ಉಪದೇಶ ಮಾಡಿದರು. "ಕೇಳಯ್ಯಾ, ಮೈಕಿನ ಮುಂದೆ ನಿನಗೆ ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಇಲ್ಲ. ಮಾತಾಡೋದು ನೀನಲ್ಲ, ಕೇಂದ್ರ. ನಿನಗಿಂತ ಮುಂಚೆ ಇದ್ದವನು ಒಂದಿನ ಖುಷಿ ತಡೀಲಾರದೆ ತನ್ನ ಹೆಸರು ಹೇಳಿಕೊಂಡ. ಈಗ ಸೋಪು ಮಾರ್ತಿದಾನೆ."

"ಎಲ್ಲಿ ಸಾರ್?" ಎಂದೆ.

"ಎಲ್ಲಿ ಅನ್ನೋದಾ ಮುಖ್ಯ?" ಎಂದು ಅವರು ಮೇಜು ಗುದ್ದಿದರು.

ಗುರುತಿನ ಚೀಟಿಯನ್ನೂ ಕೊಟ್ಟರು. ಅದರಲ್ಲಿ 'ಸಾಂದರ್ಭಿಕ ನೌಕರ' ಎಂದಷ್ಟೇ ಇತ್ತು. ಕೇಂದ್ರದಲ್ಲಿ ಲೋಟ ತೊಳೆಯುವವನ ಚೀಟಿಯಲ್ಲಿಯೂ ಅದೇ ಇತ್ತು. ಅವನ ಫೋಟೊ ಮಾತ್ರ ನನ್ನದಕ್ಕಿಂತ ಚೆನ್ನಾಗಿತ್ತು. ಗೇಟಿನ ಕಾವಲುಗಾರ ಅವನಿಗೆ ಸಲಾಮು ಹೊಡೆದು, ನನ್ನನ್ನು ತಡೆದು, "ಯಾರನ್ನ ನೋಡ್ಬೇಕು?" ಎಂದು ಕೇಳುತ್ತಿದ್ದ. ಒಂದು ದಿನವಲ್ಲ, ದಿನಾ.

ಮೊದಲ ಬೆಳಗಿನ ಪ್ರಸಾರ ಮುಗಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಚಿಕ್ಕಪ್ಪ ರೇಡಿಯೋ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. "ಎಲ್ಲಿ ಹಾಳಾಗಿ ಹೋಗಿದ್ಯೋ? ಇವತ್ತು ಒಬ್ಬ ಹೊಸಬ ಬಂದಿದ್ದ ನೋಡು ರೇಡಿಯೋದಲ್ಲಿ. ಆಹಾ, ಅದು ದನಿ ಅಂದ್ರೆ!"

"ಅದು ನಾನೇ ಚಿಕ್ಕಪ್ಪ."

ಚಿಕ್ಕಪ್ಪ ನಕ್ಕ ರಭಸಕ್ಕೆ ಚಹಾ ಮೂಗಿನಿಂದ ಬಂತು. ಅಮ್ಮ ಅಡುಗೆಮನೆಯಿಂದ ಇಣುಕಿ, "ಪಾಪ, ನಗಬೇಡ್ರೋ. ಅವನಿಗೂ ಆಸೆ ಇರುತ್ತೆ" ಎಂದಳು. ಹೆತ್ತ ತಾಯಿ! ಆ ದನಿಯವನು ಆರಡಿ ಎತ್ತರ, ದಪ್ಪ ಮೀಸೆ, ಮಾತು ಕಡಿಮೆ ಎಂದು ನಮ್ಮ ಬೀದಿ ಸಂಜೆಯೊಳಗೆ ತೀರ್ಮಾನಿಸಿತ್ತು. ಎದುರುಮನೆಯ ದರ್ಜಿಯಂತೂ ಅವನಿಗೆ ಕೋಟಿನ ಅಳತೆಯನ್ನೂ ಅಂದಾಜು ಮಾಡಿಬಿಟ್ಟಿದ್ದ. "ಎದೆ ಅಗಲ ನಲವತ್ತೆರಡಕ್ಕೆ ಕಡಿಮೆ ಇಲ್ಲ" ಎಂದು ನನ್ನೆದೆಯ ಕಡೆ ನೋಡಿ, ಪಾಪ ಎಂಬಂತೆ ಮುಖ ತಿರುಗಿಸಿದ. ಅವನ ಹೊಲಿಗೆ ಗೊತ್ತಿದ್ದವರಿಗೆ ಅವನ ಅಳತೆಯ ಬೆಲೆಯೂ ಗೊತ್ತು.

ಬೀದಿ ನಂಬದಿದ್ದರೆ ಬೀದಿಯೇ ಹಾಳಾಗಲಿ ಎಂದು ನಾನು ಸುಮ್ಮನಿರಬಹುದಿತ್ತು. ಇರಲಾಗದಂತೆ ಮಾಡಿದ್ದು ಒಬ್ಬಳು ಹುಡುಗಿ. ದಿನಾ ಪ್ರಸಾರಕ್ಕೆ ಮುಂಚೆ ಸ್ಟುಡಿಯೋದ ಗಡಿಯಾರ ಸರಿಮಾಡಲು ನಾನು ಅದೇ ಕುರ್ಚಿಯಲ್ಲಿ ಕೂತು, ಅದೇ ದನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಫೋನು ಮಾಡಿ ಸಮಯ ಕೇಳಬೇಕಿತ್ತು. ಬೆಳಗಿನ ಪಾಳಿಯಲ್ಲಿ ಅವಳೇ ಇರುತ್ತಿದ್ದಳು. ಅವಳು ನನಗೆ ಸಮಯ ಹೇಳುತ್ತಿದ್ದಳು, ನಾನು ಅದನ್ನೇ ಊರಿಗೆ ಹೇಳಿ ಹೆಸರಿಲ್ಲದ ಹೆಸರು ಗಳಿಸುತ್ತಿದ್ದೆ. ಸಮಯದಿಂದ ಹವೆಗೆ, ಹವೆಯಿಂದ ಹಳೆಯ ಹಾಡಿಗೆ, ಹಾಡಿನಿಂದ ಬಸ್ ಸ್ಟಾಪಿಗೆ ಮಾತು ಬೆಳೆಯಿತು. ಮೊದಲ ಸಲ ಬಸ್ ಸ್ಟಾಪಿನಲ್ಲಿ ನನ್ನನ್ನು ನೋಡಿದಾಗ ಅವಳು, "ನೀವೇನಾ? ಪರವಾಗಿಲ್ಲ, ದನಿಗಿಂತ ಹಗುರವಾಗಿದೀರಿ" ಎಂದಳು. ನನಗೆ ಅಷ್ಟೇ ಸಾಕಾಯಿತು. ಅವಳನ್ನು ಬಿಟ್ಟು ಬದುಕಿಲ್ಲ ಎನಿಸಿಬಿಟ್ಟಿತು.

"ಓಡಿ ಹೋಗೋದು, ಕದ್ದು ಮದುವೆ ಆಗೋದು, ಅದೆಲ್ಲ ನನ್ನ ಹತ್ರ ನಡೆಯಲ್ಲ. ಅಪ್ಪನ್ನ ಒಪ್ಪಿಸಿ, ಬನ್ನಿ" ಎಂದಳು. ಅವಳ ಅಪ್ಪ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಮೂವತ್ತು ವರ್ಷ ಅನುಮಾನಿಸಿ ನಿವೃತ್ತರಾಗಿದ್ದರು. ಈಗ ಅನುಮಾನಿಸಲು ಮನುಷ್ಯರು ಮಾತ್ರ ಉಳಿದಿದ್ದರು.

ಅಮ್ಮ, ಚಿಕ್ಕಪ್ಪನೊಂದಿಗೆ ಹುಡುಗಿ ಕೇಳಲು ಹೋದೆ. ಇನ್ಸ್‌ಪೆಕ್ಟರು ನನ್ನನ್ನು ಪಾದದಿಂದ ನೆತ್ತಿಯವರೆಗೆ ಅಳೆದರು. "ಬೆಳಗ್ಗೆ ರೇಡಿಯೋದಲ್ಲಿ ಬರೋನು ನೀನು ಅಂತೀಯ?"

"ಹೌದು."

"ಆ ದನಿ ನಿನ್ನಂಥ ಎರಡು ಜನದ ತೂಕದ್ದು. ಎಲ್ಲಿ, ಮಾತಾಡು."

ಅವರ ಸೋಫಾ ಎಷ್ಟು ಆಳವಾಗಿತ್ತೆಂದರೆ ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಹೊಟ್ಟೆ ಉಬ್ಬಿಸಲು ಜಾಗವೇ ಇರಲಿಲ್ಲ. ಗದ್ದ ಒತ್ತಿ, ಕಾಲು ಸಿಕ್ಕಿಸಲು ಪಟ್ಟಿ ಹುಡುಕಿ, "ಇದೀಗ ಸಮಯ" ಎಂದೆ. ಕೋಳಿ ಕೂಗಿದಂತಾಯಿತು. ಅಮ್ಮ ನೆಲ ನೋಡಿದಳು.

ಒಳಗಿಂದ ಹುಡುಗಿ ಬಂದು ನಿಂತು, "ಅಪ್ಪಾ, ಅದು ಇವರದೇ ದನಿ. ದಿನಾ ನನಗೆ ಫೋನ್ ಮಾಡ್ತಾರೆ" ಎಂದಳು.

"ಫೋನಲ್ಲಿ ನಾನು ಮಹಾರಾಜ ಅಂತಾನೂ ಹೇಳಬಹುದು" ಎಂದರು ಇನ್ಸ್‌ಪೆಕ್ಟರು. ನನ್ನ ಚೀಟಿ ತೋರಿಸಿದೆ. "ಸಾಂದರ್ಭಿಕ ನೌಕರ. ಇದರಲ್ಲಿ ಬಾಯಿ ಮಾತೇ ಇಲ್ಲವಲ್ಲಪ್ಪ!" ಕೇಂದ್ರಕ್ಕೇ ಬನ್ನಿ ಎಂದೆ. ಹೊರಗಿನವರನ್ನು ಸ್ಟುಡಿಯೋಗೆ ಬಿಡುವುದಿಲ್ಲ ಎಂದು ಮರುಕ್ಷಣವೇ ನೆನಪಾಗಿ, ಬರಬೇಡಿ ಎಂದೆ. ರೇಡಿಯೋದಲ್ಲಿ ಹೆಸರು ಹೇಳು ನೋಡೋಣ ಎಂದರು. ಹೇಳಿದರೆ ಕೆಲಸ ಹೋಗುತ್ತದೆ ಎಂದೆ. ಅವರು ಮಗಳ ಕಡೆ ತಿರುಗಿ, ಕಳ್ಳ ತಕ್ಕಡಿ ಹಿಡಿದ ದಿನದ ಸಂಭ್ರಮದಲ್ಲಿ, "ಕೇಳಿದೆಯಾ?" ಎಂದರು. "ಒಬ್ಬ ಬ್ಯಾಂಕ್ ಕ್ಯಾಷಿಯರು ಬೇರೆ ಕೇಳ್ತಿದಾನೆ. ಅವನು ಕಂಬಿ ಹಿಂದೆ ಕೂತಿರೋದನ್ನ ನನ್ನ ಕಣ್ಣಾರೆ ನೋಡಿದೀನಿ. ಪುರಾವೆ ತಾ, ಇಲ್ಲ ದಾರಿ ಬಿಡು."

ಆಗ ನಮ್ಮ ಚಿಕ್ಕಪ್ಪ ಬಾಯಿ ಹಾಕಿದ. ಜೀವನದಲ್ಲಿ ಒಂದು ದಿನವೂ ಕೆಲಸ ಮಾಡದೆ ಎಲ್ಲ ಕೆಲಸದ ಒಳಗುಟ್ಟು ಬಲ್ಲವನು ಅವನು. "ಹೆಸರು ಹೇಳಬಾರದು ಸರಿ. ಕೆಮ್ಮಬಾರದು ಅಂತ ಎಲ್ಲಿದೆ?"

ಇನ್ಸ್‌ಪೆಕ್ಟರು ಯೋಚಿಸಿದರು. ಪರೀಕ್ಷೆಯೆಂದರೆ ಅವರಿಗೆ ಪ್ರಾಣ. "ನಾಳೆ ಸಮಯ ಹೇಳಿದ ತಕ್ಷಣ ಒಂದು ಕೆಮ್ಮು. ನೋಡೋಣ."

ಮರುದಿನ ಗಂಟೆ ಹೇಳಿ ಕೆಮ್ಮಿದೆ. ಒಣ ಕೆಮ್ಮು, ಸಭ್ಯವಾದದ್ದು. ನೆಗೆಯುತ್ತಾ ಅವರ ಮನೆಗೆ ಹೋದರೆ, "ಕೆಮ್ಮು ಯಾರಿಗೂ ಬರುತ್ತೆ. ತಕ್ಕಡಿ ಒಂದು ಸಲ ಸರಿ ತೂಗಿದರೆ ಮೊಹರು ಹಾಕ್ತಾರೇನಯ್ಯಾ? ಮೂರು ತೂಕ ಸರಿ ಬರಬೇಕು. ಮುಂದಿನ ವಾರ ಹವಾಮಾನ ಆದ ಮೇಲೆ ಎರಡು ಕೆಮ್ಮು" ಎಂದರು. ಅದನ್ನೂ ಕೆಮ್ಮಿದೆ. ಮೂರನೆಯದು ಅದರಾಚೆಯ ಭಾನುವಾರ: ಮಾರುಕಟ್ಟೆ ಧಾರಣೆಯ ಮಧ್ಯೆ ಮೂರು ಕೆಮ್ಮು, ಮೂರನೆಯದು ಎಳೆದು. ಆ ದಿನ ಎರಡೂ ಕಡೆಯವರು ಅವರ ಮನೆಯಲ್ಲಿ ಕೂತು ಕೇಳುವುದು, ಸರಿ ಬಂದರೆ ಅಲ್ಲೇ ಮದುವೆಯ ಮಾತು ಮುಗಿಸುವುದು.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತಿಗೂ ಹವಾಮಾನ ಓದಿಕೊಂಡಿರುತ್ತಿದ್ದೆ. ಆದರೆ ಚಿಕ್ಕಪ್ಪನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಬೀದಿಗೆಲ್ಲ ಗೊತ್ತಾಯಿತು. ನಿನ್ನೆಯವರೆಗೂ ನನ್ನನ್ನು ನೋಡಿ ನಗುತ್ತಿದ್ದ ಬೀದಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಪ್ರೀತಿ ಉಕ್ಕಿತು.

ಮೊದಲು ಬಂದವನು ದರ್ಜಿ. "ನಮ್ಮ ಬಾಮೈದನ ಊರಲ್ಲೂ ನಿಮ್ಮ ರೇಡಿಯೋ ಬರುತ್ತಂತೆ. ನೀವು ನನ್ನ ಪ್ರಾಣಸ್ನೇಹಿತ ಅಂದ್ರೆ ಆ ಮೂರ್ಖ ನಂಬ್ತಿಲ್ಲ. ಗುರುವಾರ ಒಂದು ಸಣ್ಣದು, ಒಂದು ದೊಡ್ಡದು ಹಾಕಿಬಿಡಿ."

"ಪ್ರಾಣಸ್ನೇಹಿತ? ನನ್ನ ಪ್ಯಾಂಟು ನೀವು ಕೊಟ್ಟು..."

"ನಾಳೆ ಕೊಡ್ತೀನಿ ಮಾರಾಯ್ರೇ, ಕೆಮ್ಮಿ."

ಮನೆ ಮಾಲೀಕ ಬಂದ. ಅವನಿಗೆ ಯಾರಿಗೂ ಏನೂ ಸಾಬೀತು ಮಾಡಬೇಕಿರಲಿಲ್ಲ. ತನ್ನ ಬಾಡಿಗೆದಾರ ತನಗಾಗಿ ರೇಡಿಯೋದಲ್ಲಿ ಕೆಮ್ಮಬೇಕು ಎಂಬುದು ಅವನ ಹಕ್ಕಿನ ಪ್ರಶ್ನೆಯಾಗಿತ್ತು. "ದರ್ಜಿಗೆ ಎರಡು ಅಂತೆ. ನನ್ನ ಛಾವಣಿ ಕೆಳಗೆ ಇದ್ಕೊಂಡು ನನಗೆ ಎಷ್ಟಪ್ಪಾ?" ಮೂಲೆಮನೆಯ ಮೇಡಂ, ಶಾಲೆಯಲ್ಲಿ ನಡತೆ ಕಲಿಸುವವರು, ಬಾಗಿಲಲ್ಲೇ ನಿಂತು, "ನನಗೆ ಕೆಮ್ಮು ಅಂದರೆ ಅಸಹ್ಯ. ಬರೀ ಗಂಟಲು ಸರಿಮಾಡಿಕೊಳ್ಳಿ, ಸಾಕು. ಬುಧವಾರ" ಎಂದು ಹೇಳಿ ಹೋದರು. ಚಿಕ್ಕಪ್ಪ ಜಗಲಿಯ ಮೇಲೆ ಕೂತು ಯಾರಿಗೆ ಯಾವ ದಿನ ಎಂದು ಗೊತ್ತುಮಾಡತೊಡಗಿದ. ತುರ್ತು ಇದ್ದವರಿಗೆ ಎರಡು ಸುದ್ದಿಗಳ ನಡುವೆ ಜಾಗ ಮಾಡಿಕೊಡುತ್ತಿದ್ದ. ನನಗೆ ಇಲ್ಲ ಎನ್ನಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಬೀದಿಯಲ್ಲಿ ನಡೆದರೆ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ನೀವಾಗಿದ್ದರೂ ಕೆಮ್ಮುತ್ತಿದ್ದಿರಿ, ಸುಮ್ಮನಿರಿ.

ಒಂದೇ ವಾರದಲ್ಲಿ ಬೆಳಗಿನ ಪ್ರಸಾರ ಆಸ್ಪತ್ರೆಯ ವಾರ್ಡಿನಂತಾಯಿತು. ಶ್ರೋತೃಗಳು ಕರುಣಾಳುಗಳು, ಕೇಂದ್ರಕ್ಕೆ ಕಷಾಯದ ಶೀಶೆಗಳು ಬರತೊಡಗಿದವು. ಯಾರೋ ಉಣ್ಣೆಯ ಮಫ್ಲರು ಕಳಿಸಿದ್ದರು, ಅದನ್ನು ನಿರ್ದೇಶಕರು ತಮಗೆ ಸುತ್ತಿಕೊಂಡರು. ಕೇಂದ್ರದ ವೈದ್ಯರು ನನ್ನ ಎದೆಗೆ ಕೊಳವೆ ಇಟ್ಟು, ಬೆನ್ನು ಬಡಿದು, "ಏನೂ ಇಲ್ಲ. ಕುದುರೆ ಹಾಗಿದಾನೆ" ಎಂದರು.

"ಏನೂ ಇಲ್ಲದೆ ಯಾಕೆ ಕೆಮ್ತಾನೆ?" ಎಂದು ನಿರ್ದೇಶಕರು ಕೇಳಿದರು.

"ಅದು ವೈದ್ಯಶಾಸ್ತ್ರದ ಪ್ರಶ್ನೆ ಅಲ್ಲ, ಚಾರಿತ್ರ್ಯದ ಪ್ರಶ್ನೆ" ಎಂದು ವೈದ್ಯರು ಕೈ ತೊಳೆದುಕೊಂಡರು.

ಅಂದಿನಿಂದ ಗಾಜಿನಾಚೆ ಇಂಜಿನಿಯರು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟು, ನನ್ನ ಗಂಟಲಿನ ಮೇಲೆ ಕಣ್ಣಿಟ್ಟು ಕೂರತೊಡಗಿದ. ನಾನು ಉಸಿರೆಳೆದರೆ ಸಾಕು, ಗುಂಡಿ ತಿರುಗಿಸುತ್ತಿದ್ದ. ನಾನು ಉಸಿರೆಳೆಯದೆ ಕೆಮ್ಮಲು ಕಲಿತೆ. ಅವನು ಸೋಲುತ್ತಿದ್ದ, ಹವಾಮಾನದ ಅರ್ಧ ಭಾಗ ಗುಂಡಿಯ ಪಾಲಾಗುತ್ತಿತ್ತು. ಆ ವಾರ ಊರಿನವರಿಗೆ ಬಿರುಗಾಳಿ ಬರುತ್ತದೆಂದು ಗೊತ್ತಾಯಿತೇ ಹೊರತು ಎಲ್ಲಿಂದ ಎಂದು ಗೊತ್ತಾಗಲಿಲ್ಲ.

ಆ ಭಾನುವಾರ ಬಂತು. ಇನ್ಸ್‌ಪೆಕ್ಟರ ಮನೆಯಲ್ಲಿ ರೇಡಿಯೋ ಸುತ್ತ ಅಮ್ಮ, ಚಿಕ್ಕಪ್ಪ, ದರ್ಜಿ, ಮನೆ ಮಾಲೀಕ, ಮೇಡಂ ಎಲ್ಲರೂ ಕೂತಿದ್ದರು. ಕರೆದದ್ದು ಇಬ್ಬರನ್ನು, ಬಂದದ್ದು ಬೀದಿ ಪೂರ್ತಿ. ಇತ್ತ ನಾನು ಧಾರಣೆಯ ಮಧ್ಯೆ ಮೂರು ಕೆಮ್ಮು ಕೆಮ್ಮಿದೆ. ಮೂರನೆಯದನ್ನು ಎಷ್ಟು ಎಳೆದೆನೆಂದರೆ ಇಂಜಿನಿಯರು ಎದ್ದು ನಿಂತ. ಗೆದ್ದೆ ಎಂದುಕೊಂಡು ಹೊರಗೆ ಬಂದರೆ, ಪಡಸಾಲೆಯ ಬೆಂಚಿನ ಮೇಲೆ ಸಾದಾ ಬಟ್ಟೆಯ ಒಬ್ಬ ಮನುಷ್ಯ ಕೂತಿದ್ದ. ಸಾದಾ ಬಟ್ಟೆ ಎಂದರೆ, ನೋಡಿದ ತಕ್ಷಣ ಪೊಲೀಸು ಎಂದು ಗೊತ್ತಾಗುವ ಬಟ್ಟೆ. ಅವನ ಪಕ್ಕದಲ್ಲಿ ನಿರ್ದೇಶಕರು ಮಫ್ಲರಿನಲ್ಲೂ ನಡುಗುತ್ತಿದ್ದರು.

"ಒಂದು. ಎರಡು. ಸಣ್ಣದು, ದೊಡ್ಡದು. ಇವತ್ತು ಮೂರು, ಒಂದು ಉದ್ದ" ಎಂದ ಅಧಿಕಾರಿ. "ಗಡಿಯಾಚೆ ಯಾರು ಕೇಳ್ತಿದಾರೆ?"

"ಗಡಿಯಾಚೆ ಯಾರೂ ಇಲ್ಲ ಸಾರ್. ಇದು ನನ್ನ ಭಾವೀ ಮಾವನಿಗೆ."

"ಮಾವ" ಎಂದು ಅಧಿಕಾರಿ ನಿಧಾನವಾಗಿ ಹೇಳಿಕೊಂಡ. "ಒಳ್ಳೆ ಗುಪ್ತನಾಮ. ಉಳಿದ ಕೆಮ್ಮು?"

"ದರ್ಜಿಗೆ, ಮನೆ ಮಾಲೀಕನಿಗೆ, ಮೇಡಂಗೆ."

"ದರ್ಜಿ, ಮಾಲೀಕ, ಮೇಡಂ! ದೊಡ್ಡ ಜಾಲವೇ ಇದೆ" ಎಂದು ಅವನು ಎದ್ದ. "ಜೀಪು ಹತ್ತು. ಮಾವನ್ನ ತೋರಿಸು."

ಜೀಪು ಇನ್ಸ್‌ಪೆಕ್ಟರ ಮನೆಯ ಮುಂದೆ ನಿಂತಿತು. ಒಳಗೆ ನಗು ಕೇಳುತ್ತಿತ್ತು. ಅಧಿಕಾರಿ ಹೊಸ್ತಿಲಲ್ಲಿ ನಿಂತು ತಾನು ಯಾರೆಂದು ಹೇಳಿದ್ದೇ ತಡ, ನಗುವನ್ನೂ ಇಂಜಿನಿಯರು ಗುಂಡಿ ತಿರುಗಿಸಿ ನಿಲ್ಲಿಸಿದಂತಾಯಿತು. ಅವನು ನನ್ನ ಕುತ್ತಿಗೆಪಟ್ಟಿ ಹಿಡಿದು ಮುಂದೆ ತಳ್ಳಿ, "ಇವನು ರೇಡಿಯೋದಲ್ಲಿ ಸಂಕೇತ ಕೆಮ್ಮಿದಾನೆ. ನಿಮಗೋಸ್ಕರ ಅಂತಾನೆ. ಯಾರ್ಯಾರಿಗೆ ಕೆಮ್ಮಿದಾನೆ, ಮುಂದೆ ಬನ್ನಿ" ಎಂದ.

ಒಬ್ಬನೂ ಮುಂದೆ ಬರಲಿಲ್ಲ. ಹಿಂದೆ ಹೋಗಲು ಗೋಡೆ ಅಡ್ಡವಿತ್ತು.

"ಇವನಾ?" ಎಂದ ದರ್ಜಿ. "ಇವನು ರೇಡಿಯೋದವನೇ ಅಲ್ಲ ಸ್ವಾಮಿ. ಅವರ ಎದೆ ಅಗಲ ನಲವತ್ತೆರಡು. ಇವನದು ಇಟ್ಕೊಳ್ಳಿ ಮೂವತ್ತು. ಬೇಕಾದ್ರೆ ಟೇಪು ತರ್ತೀನಿ."

ಮನೆ ಮಾಲೀಕ ತಾನು ನನ್ನನ್ನು ಆಗಾಗ ಮೆಟ್ಟಿಲ ಮೇಲೆ ನೋಡಿರುವುದಾಗಿಯೂ, ಮಾತಾಡಿಸಿಲ್ಲವೆಂದೂ ಹೇಳಿದ. ಮೇಡಂ, "ನಾನು ರೇಡಿಯೋನೇ ಕೇಳಲ್ಲ. ಅಸಹ್ಯ" ಎಂದರು. ಚಿಕ್ಕಪ್ಪ, ಕೆಮ್ಮಿನ ಕಾರಖಾನೆಯ ಮಾಲೀಕ, ಅಧಿಕಾರಿಯ ಕಿವಿಯ ಬಳಿ ಹೋಗಿ, "ಹುಡುಗನಿಗೆ ಮೊದಲಿಂದ ಸ್ವಲ್ಪ ಭ್ರಮೆ. ತಾನೇ ರೇಡಿಯೋ ಅನ್ಕೊಂಡಿದಾನೆ" ಎಂದು ತಲೆ ತಟ್ಟಿ ತೋರಿಸಿದ. ಅಮ್ಮ ಮಾತ್ರ ನನ್ನನ್ನು ಉಳಿಸಲಿಕ್ಕೆಂದೇ ಸುಳ್ಳು ಹೇಳಿದಳು: "ನನ್ನ ಮಗ ಅಷ್ಟು ದೊಡ್ಡ ಕೆಲಸದಲ್ಲಿ ಇಲ್ಲ ಸ್ವಾಮಿ. ಇವನಿಗೆ ನೆಟ್ಟಗೆ ಕೆಮ್ಮೋಕೂ ಬರಲ್ಲ." ಅದನ್ನು ಅವಳು ಹೇಳಿದ ರೀತಿ ನೋಡಿದರೆ, ಸುಳ್ಳು ಎಂದು ಅವಳಿಗೇ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಕೊನೆಗೆ ಇನ್ಸ್‌ಪೆಕ್ಟರ ಸರದಿ. "ಯಾರೋ ಗೊತ್ತಿಲ್ಲ. ವಿಳಾಸ ಕೇಳೋಕೆ ಬಂದಿದ್ದ ಅಂತ ಕಾಣುತ್ತೆ" ಎಂದರು.

ಅಧಿಕಾರಿಗೆ ನಿರಾಶೆಯಾಯಿತು. ನನ್ನ ಚೀಟಿ ಕಸಿದು ನೋಡಿದ. ಸಾಂದರ್ಭಿಕ ನೌಕರ. "ಲೋಟ ತೊಳೆಯೋನಾ?" ಎಂದು ಕೇಳಿ ಕುತ್ತಿಗೆಪಟ್ಟಿ ಬಿಟ್ಟ. "ಇಷ್ಟು ಜನ ಒಂದೇ ಮಾತು ಹೇಳ್ತಿದಾರೆ ಅಂದ್ಮೇಲೆ ಇವನಲ್ಲ. ಇವನನ್ನ ಮುಂದೆ ಬಿಟ್ಟು ನಿಜವಾದವನು ಸ್ಟುಡಿಯೋ ಹಿಂಬಾಗಿಲಿಂದ ಜಾರಿಕೊಂಡಿರಬೇಕು, ಅವನನ್ನ ಹುಡುಕಬೇಕು. ಹೋಗಯ್ಯಾ, ಮನೆಗೆ ಹೋಗು."

ನಾನು ಬದುಕಿದೆ. ಕೆಲಸವೂ ಉಳಿದಂತೆಯೇ. ಬೀದಿಯ ಹೇಡಿತನಕ್ಕೆ ಮನಸ್ಸಿನಲ್ಲೇ ಕೈಮುಗಿದು ಬಾಗಿಲ ಕಡೆ ತಿರುಗಿದೆ.

"ಅವರೇ" ಎಂದು ದನಿ ಬಂತು.

ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಬೆಳಗಿನ ಪಾಳಿ ಮುಗಿಸಿ ಹಿತ್ತಿಲ ಬಾಗಿಲಿಂದ ಈಗಷ್ಟೇ ಬಂದವಳು, ಕೈಯಲ್ಲಿನ್ನೂ ಚೀಲವಿತ್ತು. "ಇವತ್ತೂ ನನ್ನ ಹತ್ರ ಸಮಯ ಕೇಳಿಕೊಂಡೇ ಪ್ರಸಾರ ಶುರುಮಾಡಿದ್ದು. ಕೆಮ್ಮಿದ್ದು ಅವರೇ. ಕೆಮ್ಮಿಸಿದ್ದು ಇವರೆಲ್ಲ. ಇಷ್ಟು ಜನ ದೊಡ್ಡವರು ಸೇರಿ ಒಬ್ಬರೂ ನಿಜ ಹೇಳಲಿಲ್ಲವಲ್ಲ, ನಾಚಿಕೆ ಆಗಲ್ವಾ?"

ನೋಡಿ ನನ್ನ ಹಣೆಬರಹ! ನನ್ನನ್ನು ಪ್ರೀತಿಸದವರೆಲ್ಲ ನನ್ನನ್ನು ಉಳಿಸಿದರು; ಪ್ರೀತಿಸಿದವಳು ಒಂದೇ ಮಾತಿಗೆ ಜೈಲಿಗೆ ದಾರಿ ಮಾಡಿದಳು. ಅಧಿಕಾರಿ ಮತ್ತೆ ನನ್ನ ಕಡೆ ತಿರುಗಿದ. "ಏನಪ್ಪಾ? ಊರೆಲ್ಲ ಅಲ್ಲ ಅನ್ನುತ್ತೆ, ಈ ಹುಡುಗಿ ಹೌದು ಅಂತಾಳೆ. ನೀನೇ ಹೇಳು. ಹೌದಾ, ಅಲ್ಲವಾ?"

ಅಲ್ಲ ಎಂದರೆ ನಾಳೆಯೂ ಕೆಲಸಕ್ಕೆ ಹೋಗಬಹುದು, ನಾಳೆಯೂ ಫೋನು ಮಾಡಬಹುದು, ಅವಳು ನಾಳೆಯೂ ಸಮಯ ಹೇಳುತ್ತಾಳೆ. ಸಮಯ ಬಿಟ್ಟು ಬೇರೇನೂ ಹೇಳುವುದಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ನನಗೆ ಅಳು ಬರುವಂತಾಗಿ ಗಂಟಲು ಕಟ್ಟಿತು. ಗದ್ದ ಎದೆಗಿಳಿಯಿತು, ಹೊಟ್ಟೆ ತಾನಾಗಿಯೇ ಉಬ್ಬಿತು.

"ಹೌದು. ಬೆಳಗಿನ ಪ್ರಸಾರದಲ್ಲಿ ಮಾತನಾಡುವವನು ನಾನೇ."

ಕಪಾಟಿನ ಗಾಜು ಅದುರಿತು. ಮೇಡಂ ಎದ್ದು ನಿಂತರು. ಇನ್ಸ್‌ಪೆಕ್ಟರು ಸೋಫಾದಿಂದ ಚಿಮ್ಮಿದರು. "ಅಯ್ಯಯ್ಯೋ, ಇವನೇ! ನಿಜವಾಗ್ಲೂ ಇವನೇ ಕಣ್ರೀ! ನಾನು ಹೇಳಿದ ಜಾಗದಲ್ಲೇ ಕೆಮ್ಮಿದಾನೆ, ಮೂರೂ ತೂಕ ಸರಿ ಬಂತು!"

"ನೀವು ಹೇಳಿದ ಜಾಗದಲ್ಲಿ?" ಎಂದ ಅಧಿಕಾರಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕಥೆ ಕೇಳಿದ್ದೇವೆ. ಇವರು ಕಾಯಿಯನ್ನೇ ತಂದು ಮೇಜಿನ ಮೇಲಿಟ್ಟಿದ್ದರು. ಇನ್ಸ್‌ಪೆಕ್ಟರು ಮೆಲ್ಲಗೆ ಕೂತರು. ಆಮೇಲೆ ಕಥೆಯೆಲ್ಲ ಹೊರಬಿತ್ತು. ಹೆಸರಿಲ್ಲದ ಕೆಲಸ, ಪುರಾವೆ, ಕ್ಯಾಷಿಯರು, ಚಿಕ್ಕಪ್ಪನ ಜಗಲಿ. ಅಧಿಕಾರಿ ಅದನ್ನೆಲ್ಲ ಕೇಳಿ ಹಣೆ ತಿಕ್ಕಿಕೊಂಡ. ಪಾಪ, ಗೂಢಚಾರನನ್ನು ಹಿಡಿದು ಬಡ್ತಿ ಪಡೆಯಲು ಬಂದವನಿಗೆ ಹೆಣ್ಣಿನ ಮನೆಯ ಮಾತುಕತೆ ಸಿಕ್ಕಿತ್ತು.

"ನಾನು ಮೇಲಿನವರಿಗೆ ಏನಾದರೂ ಹೇಳಲೇಬೇಕು" ಎಂದ. "ಮದುವೆ ಆಯ್ತು ಅಂದ್ರೆ ಇದು ಸಂಸಾರದ ಕೆಮ್ಮು, ನಮ್ಮ ಇಲಾಖೆಗೆ ಸಂಬಂಧ ಇಲ್ಲ. ಮದುವೆ ಆಗ್ಲಿಲ್ಲ ಅಂದ್ರೆ ಇದು ದೇಶದ ಕೆಮ್ಮು. ಈ ಕೋಣೇಲಿ ಇರೋರೆಲ್ಲ ಜೀಪು ಹತ್ತಬೇಕಾಗುತ್ತೆ."

ಮರುದಿನ ಬೆಳಗಿನ ಪ್ರಸಾರದಲ್ಲಿ ನಿರ್ದೇಶಕರು ತಾವೇ ಮೈಕಿನ ಮುಂದೆ ಕೂತರು. ಕೇಂದ್ರದ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬ ನೌಕರನ ಹೆಸರು, ಅವನ ತಂದೆಯ ಹೆಸರು, ಬೀದಿ, ಮನೆಯ ನಂಬರು ಸಮೇತ ಗಾಳಿಯಲ್ಲಿ ಬಂತು. ಈ ವ್ಯಕ್ತಿಗೂ ನಮ್ಮ ಕೇಂದ್ರಕ್ಕೂ ಯಾವುದೇ ಸಂಬಂಧ ಇರುವುದಿಲ್ಲ ಎಂದು ಎರಡು ಸಲ ಓದಿದರು. ನನ್ನ ಮೊದಲ ಕೆಲಸ ಹೀಗೆ ಮುಗಿಯಿತು. ಬೀದಿಯೇನೆಂದಿತು ಎಂದು ಕೇಳಿ. "ನೋಡಿದ್ರಾ? ರೇಡಿಯೋದವರೇ ಹೇಳಿಬಿಟ್ರು, ಇವನು ಅವರಲ್ಲ ಅಂತ!" ದರ್ಜಿ ತನ್ನ ಅಳತೆ ಎಂದೂ ತಪ್ಪಿದ್ದಿಲ್ಲ ಎಂದು ಹೇಳಿಕೊಂಡು ತಿರುಗಿದ. ನನ್ನ ಪ್ಯಾಂಟು ಮಾತ್ರ ಕೊಡಲಿಲ್ಲ.

ಇನ್ಸ್‌ಪೆಕ್ಟರೂ ಅಲುಗಾಡಿದರು. "ನಿನ್ನೆ ಕಿವಿಯಾರೆ ಕೇಳಿದೆ ನಿಜ. ಆದರೆ ರೇಡಿಯೋನೇ ಅಲ್ಲ ಅಂದ್ರೆ ಹೇಗೆ ನಂಬೋದು? ಅಲ್ಲದೆ ಈಗ ಇವನಿಗೆ ಕೆಲಸವೂ ಇಲ್ಲ."

"ಸರಿ ಅಪ್ಪಾ, ಬಿಟ್ಟುಬಿಡೋಣ" ಎಂದಳು ಮಗಳು. "ಹಾಗಾದ್ರೆ ಆ ಕೆಮ್ಮೆಲ್ಲ ಯಾರಿಗೆ, ಯಾಕೆ ಅಂತ ಆ ಅಧಿಕಾರಿಗೆ ನೀವೇ ಹೋಗಿ ವಿವರಿಸಿ ಬನ್ನಿ. ಜೀಪು ಕಳಿಸೋಕೆ ನಾನೇ ಫೋನ್ ಮಾಡ್ಲಾ? ನಂಬರು ನನ್ನ ಹತ್ರ ಇದೆ."

ಮುಂದಿನ ಸೋಮವಾರವೇ ನೋಂದಣಿ ಕಚೇರಿಯಲ್ಲಿ ಮದುವೆ. ಬೀದಿಯೆಲ್ಲ ಬಂದಿತ್ತು, ಜೀಪು ಹತ್ತುವುದಕ್ಕಿಂತ ಅದು ಸುಲಭ. ಸಾಕ್ಷಿಗೆ ಆ ಅಧಿಕಾರಿಯೇ ಬಂದಿದ್ದ, ಅದೇ ಸಾದಾ ಬಟ್ಟೆಯಲ್ಲಿ. ಮೇಜಿನ ಹಿಂದೆ ಕೂತಿದ್ದ ನೋಂದಣಾಧಿಕಾರಿ ಕನ್ನಡಕದ ಹಳೆಯ ಮನುಷ್ಯ. ಹುಡುಗಿ ಸಹಿ ಮಾಡಿದಳು, ನಾನೂ ಮಾಡಿದೆ. ಆತ ಮೊಹರನ್ನು ಮಸಿಯಲ್ಲಿ ಅದ್ದುತ್ತಾ, "ಒಪ್ಪಿಗೆ ಇದೆಯೇನಪ್ಪಾ? ಬಾಯಿಬಿಟ್ಟು ಹೇಳಬೇಕು" ಎಂದ.

ಭಯಕ್ಕೋ ಸಂತೋಷಕ್ಕೋ ಗಂಟಲು ಕಟ್ಟಿತ್ತು. "ಒಪ್ಪಿಗೆಯಿದೆ" ಎಂದೆ.

ಆತನ ಮೊಹರು ಗಾಳಿಯಲ್ಲೇ ನಿಂತಿತು. "ಈ ದನಿ... ಬೆಳಗ್ಗೆ ರೇಡಿಯೋದಲ್ಲಿ ಕೆಮ್ಮುತ್ತಿದ್ದವರು ನೀವೇನಾ? ಎಲ್ಲಿ ಹೋಗಿಬಿಟ್ರಿ? ನಮ್ಮ ಮನೇಲಿ ದಿನಾ ಕೇಳ್ತಿದ್ದೆವು. ಈಗ ಬರೋರು ಓದ್ತಾರೆ ಅಷ್ಟೇ, ಜೀವ ಇಲ್ಲ. ನಿಜ ಹೇಳಿ, ಅದು ನೀವೇ ತಾನೆ?"

"ಅಲ್ಲ!" ಎಂದು ಇಡೀ ಬೀದಿ ಒಂದೇ ದನಿಯಲ್ಲಿ ಕೂಗಿತು. ಎಲ್ಲರಿಗಿಂತ ಜೋರಾಗಿ ನನ್ನ ಮಾವ.

ನಾನು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು. ಜೀವನದಲ್ಲಿ ಎಂದೂ ಸುಳ್ಳು ಹೇಳದ ಅವಳು ನೋಂದಣಾಧಿಕಾರಿಯನ್ನು ನೋಡಿ ನಕ್ಕು, "ಮೊದಲು ಮೊಹರು ಹಾಕಿ ಸಾರ್, ಹೇಳ್ತೀನಿ" ಎಂದಳು.

ಮೊಹರು ಧಡ್ ಎಂದು ಬಿತ್ತು.

"ಇವರೇ" ಎಂದಳು.

ಸಾದಾ ಬಟ್ಟೆಯ ಅಧಿಕಾರಿ ಒಂದು ಸಲ ಕೆಮ್ಮಿ, ಕಿಟಕಿಯ ಕಡೆ ತಿರುಗಿಕೊಂಡ.